ಟಾಟಾ ಆಸ್ಪತ್ರೆಗೆ ಬಂದ ಊರವರ ಜೊತೆ ನಿಲ್ಲುವುದು: ಮುಂಬೈನ ಕನ್ನಡ ಕ್ರೈಸ್ತ ಸಭೆಗಳಿಗೊಂದು ಕೈಪಿಡಿ

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಕರುಣೆಯ ಬಗ್ಗೆ ಪ್ರಸಂಗಗಳನ್ನು ಬೇಕಾದಷ್ಟು ಕೇಳಿದ್ದೇವೆ. ಅವನ ಅಚ್ಚುಕಟ್ಟುತನದ ಬಗ್ಗೆ ಕೇಳಿದ್ದು ಕಡಿಮೆ. ದಾರಿಯಲ್ಲಿ ಬಿದ್ದಿದ್ದ ಅಪರಿಚಿತನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿ ಛತ್ರ ಮುಟ್ಟಿಸಿದ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಇಟ್ಟು, ಹೆಚ್ಚಿಗೆ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದ. ಕಲಬುರಗಿ, ಬೀದರ್, ರಾಯಚೂರು, ವಿಜಯಪುರಗಳಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಬರುವ ಕುಟುಂಬಗಳಿಗೂ ಬೇಕಾದದ್ದು ಇದೇ: ತಂಗಲು ಜಾಗ, ಹೊಟ್ಟೆಗೆ ಹಿಡಿಯುವ ಊಟ, ಮಾತು ತಿಳಿಸುವವರು, ಮತ್ತೆ ಬರುತ್ತೇನೆ ಅಂದರೆ ಬರುವವರು.

ಮೊದಲು ತಂಡ

ಆರು ಜನ ಸಾಕು. ಭಾನುವಾರ ಆರಾಧನೆ ಮುಗಿದ ಮೇಲೆ ಕೈ ಎತ್ತಿ ಎಂದರೆ ಇಪ್ಪತ್ತು ಕೈ ಏಳುತ್ತವೆ, ಎರಡನೇ ತಿಂಗಳಿಗೆ ಮೂವರು ಉಳಿಯುತ್ತಾರೆ. ಆರು ಜನರಿಗೆ ಒಮ್ಮೆಗೆ ಎರಡೇ ಕುಟುಂಬ ಒಪ್ಪಿಕೊಳ್ಳಿ. ಅನೇಕ ಕಿಮೊಥೆರಪಿಗಳು 21 ದಿನಕ್ಕೊಮ್ಮೆ ನಡೆಯುತ್ತವೆ. ಆರು ಸುತ್ತೆಂದರೆ ನಾಲ್ಕು ತಿಂಗಳು ದಾಟುತ್ತದೆ. ರೇಡಿಯೇಶನ್ ಆದರೆ ವಾರಕ್ಕೆ ಐದು ದಿನದಂತೆ ಹಲವು ವಾರ. ದಿನವೂ ಜೊತೆಗೆ ಹೋಗಲು ಯಾರಿಗೂ ಆಗದು. ಮೊದಲ ಎರಡು ದಿನ ದಾರಿ, ಕೌಂಟರ್, ಕಾಯುವ ಜಾಗ ತೋರಿಸಿಕೊಟ್ಟು ಬಿಡಿ. ತಾವೇ ಹೋಗಿಬರುವುದನ್ನು ಕಲಿತರೆ ಅವರಿಗೂ ಧೈರ್ಯ ಬರುತ್ತದೆ.

ಮೊದಲ ದಿನ

ಊರಿಂದ ಹೊರಡುವ ಮೊದಲೇ ಫೋನಿನಲ್ಲಿ ಹೇಳಿ: ಹಳೇ ರಿಪೋರ್ಟು, ಸ್ಕ್ಯಾನಿನ ಸಿಡಿ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದ್ದರೆ ಅದರ ಸ್ಲೈಡು ಮತ್ತು ಆ ಚೂರನ್ನು ಇಟ್ಟಿರುವ ಮೇಣದ ಬ್ಲಾಕು, ಆಧಾರ್, ರೇಷನ್ ಕಾರ್ಡು. ಬ್ಲಾಕನ್ನು ಊರಿನ ಲ್ಯಾಬಿನಲ್ಲೇ ಬಿಟ್ಟು ಬರುವವರು ಬಹಳ. ಆಮೇಲೆ ಅದಕ್ಕಾಗಿಯೇ ಮತ್ತೊಬ್ಬರು ಊರಿಗೆ ಓಡಬೇಕು.

ನೋಂದಣಿಯಲ್ಲಿ ಜನರಲ್, ಪ್ರೈವೇಟ್ ಎಂಬ ಎರಡು ವಿಭಾಗಗಳಿವೆ, ಖರ್ಚಿನ ಲೆಕ್ಕ ಅಲ್ಲೇ ಬೇರೆಯಾಗುತ್ತದೆ. ಬೇಗ ಆಗುತ್ತದೆಂದು ಯಾರೋ ಅಂದರೆಂದು ಬಡವರು ಪ್ರೈವೇಟ್ ಬರೆಸಿಬಿಡುತ್ತಾರೆ. ಫಾರ್ಮು ತುಂಬುವ ಮುನ್ನ ವ್ಯತ್ಯಾಸವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಫೈಲು ಕೈಗೆ ಬಂದೊಡನೆ ಆಸ್ಪತ್ರೆಯ ವೈದ್ಯಕೀಯ ಸಮಾಜಸೇವಾ ವಿಭಾಗಕ್ಕೆ ಕರೆದೊಯ್ಯಿರಿ. ಹಣದ ನೆರವು, ತಂಗುವ ಜಾಗ ಎರಡಕ್ಕೂ ದಾರಿ ಅಲ್ಲಿಂದಲೇ. ದಾದರಿನ ಸಂತ ಗಾಡಗೆ ಮಹಾರಾಜ್ ಧರ್ಮಶಾಲೆ, ಪರೇಲಿನ ನಾನಾ ಪಾಲಕರ್ ಸ್ಮೃತಿ ಸಮಿತಿ, ರೋಗಿ ಮಗುವಾದರೆ ಸೇಂಟ್ ಜ್ಯೂಡ್ ಕೇಂದ್ರಗಳು ಇವೆ. ಜಾಗ ಇದೆಯೇ, ಯಾವ ಕಾಗದ ಬೇಕು ಎಂದು ಅಲ್ಲೇ ಕೇಳಿಕೊಳ್ಳಿ. ಸಭೆಯವರ ಒಂದೇ ಕೋಣೆಯ ಚಾಳಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಮನಸ್ಸೇ, ಆದರೆ ಕಿಮೊ ತೆಗೆದುಕೊಳ್ಳುವವರಿಗೆ ಸೋಂಕಿನ ಭಯ ಇರುತ್ತದೆ. ಸಾರ್ವಜನಿಕ ಶೌಚಾಲಯವಾದರಂತೂ ಬೇಡ.

ಲೋಕಲ್ ರೈಲಿನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿದೆ. ಆಸ್ಪತ್ರೆಯ ಕಾಗದ ಕೈಯಲ್ಲಿರಲಿ.

ಮಾತು ದಾಟಿಸುವವರು

ನಮ್ಮಂಥ ಸಭೆಗಳು ಕೊಡಬಹುದಾದ ದೊಡ್ಡ ಸೇವೆ ಇದು. ಊಟ ಯಾರಾದರೂ ಹಾಕುತ್ತಾರೆ. ಕನ್ನಡ, ಹಿಂದಿ, ಮರಾಠಿ ಮೂರೂ ಬಲ್ಲವರು ಡಾಕ್ಟರ ಮುಂದೆ ಪಕ್ಕದಲ್ಲಿ ಕೂರುವುದು ಅಪರೂಪ. ಒಳಗೆ ಹೋಗುವ ಮೊದಲು ರೋಗಿಯನ್ನೇ ಕೇಳಿ, ಅವರ ಮೂರು ಪ್ರಶ್ನೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಳಗೆ ಡಾಕ್ಟರು ಅಂದದ್ದನ್ನು ಅಂದಷ್ಟೇ ಹೇಳಿ. ಕಹಿ ಸುದ್ದಿಯನ್ನು ಸಿಹಿ ಮಾಡಲು ಹೋಗಬೇಡಿ, 'ಏನೂ ಆಗೂದಿಲ್ಲ ಕಾಕಾ' ಎಂದು ನಿಮ್ಮದನ್ನು ಸೇರಿಸಬೇಡಿ. ರೋಗಿಗೆ ಹೇಳಬೇಡಿ ಎಂದು ಮಗ ಬಾಗಿಲಲ್ಲೇ ತಡೆದರೆ ಆ ಮಾತನ್ನು ಡಾಕ್ಟರಿಗೆ ಮುಟ್ಟಿಸಿ, ನೀವೇ ತೀರ್ಮಾನ ಮಾಡಬೇಡಿ. ಹೊರಗೆ ಬಂದ ಮೇಲೆ 'ಡಾಕ್ಟರು ಏನಂದ್ರು, ನೀವೇ ಹೇಳ್ರಿ ನೋಡೋಣ' ಎಂದು ಅವರ ಬಾಯಿಂದ ಕೇಳಿ. ತಪ್ಪು ತಿಳಿದದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಹೆಚ್ಚು ಎಡವುವುದು ಬರೀ ಹೊಟ್ಟೆಯ ವಿಷಯದಲ್ಲಿ. ನಮ್ಮ ಕಡೆಯವರ ಲೆಕ್ಕದಲ್ಲಿ ಚಹಾ ಊಟವಲ್ಲ. ರೋಗ ಎಲ್ಲೆಲ್ಲಿ ಹರಡಿದೆ ಎಂದು ನೋಡುವ ಪೆಟ್ ಸ್ಕ್ಯಾನಿಗೆ ಸಾಮಾನ್ಯವಾಗಿ ಆರು ತಾಸು ಏನೂ ತಿನ್ನಬಾರದು, ಸಕ್ಕರೆ ಹಾಕಿದ ಚಹಾ ಕುಡಿದರೂ ಸ್ಕ್ಯಾನು ಮುಂದಕ್ಕೆ ಹೋಗಬಹುದು. 'ರಾತ್ರಿ ಇಷ್ಟು ಗಂಟೆ ಮೇಲೆ ಚಹಾ, ಬಿಸ್ಕೀಟು, ಎಲಡಿಕಿ ಏನೂ ಬ್ಯಾಡ, ನೀರು ನಡೀತದ' ಎಂದು ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆಯ ಗುಳಿಗೆ ಆ ದಿನ ಹೇಗೆಂದು ಹಿಂದಿನ ದಿನವೇ ಕೇಳಿಡಿ.

ಊಟ

ಹಬ್ಬಕ್ಕೆ, ಭಾನುವಾರಕ್ಕೆ ಪುರಿ-ಭಾಜಿ ಹಂಚಲು ಜನ ಮುಂದೆ ಬರುತ್ತಾರೆ. ನೀವು ಬುಧವಾರ ರಾತ್ರಿ ಹಿಡಿಯಿರಿ. ರೋಗಿಯ ಡಬ್ಬಿ ಬೇರೆ, ಜೊತೆಗಿರುವವರ ಡಬ್ಬಿ ಬೇರೆ.

ರೋಗಿಗಳಿಗೆ ಮೆತ್ತಗಿನ ಕಿಚಡಿ. ಇಪ್ಪತ್ತು ಜನಕ್ಕೆ ಅಕ್ಕಿ ಒಂದೂವರೆ ಕೆ.ಜಿ., ಹೆಸರುಬೇಳೆ ಅರ್ಧ ಕೆ.ಜಿ., ನೀರು 11ರಿಂದ 12 ಲೀಟರ್, ತುಪ್ಪ 150 ಗ್ರಾಂ, ಜೀರಿಗೆ, ಅರಿಶಿನ. ಮೆಣಸಿನಕಾಯಿ, ಹುಣಸೆ, ಟೊಮೆಟೊ ಬೇಡ: ಕಿಮೊದಿಂದ ಬಾಯಿ ಹುಣ್ಣಾಗಿರುತ್ತದೆ, ಹುಳಿ-ಖಾರ ತಾಗಿದರೆ ತುತ್ತು ಇಳಿಯುವುದಿಲ್ಲ. ಕೊತ್ತಂಬರಿಯನ್ನೂ ಕುದಿಯುವಾಗಲೇ ಹಾಕಿ, ಮೇಲೆ ಹಸಿಯಾಗಿ ಉದುರಿಸಬೇಡಿ. ಕೋಸಂಬರಿ, ಕತ್ತರಿಸಿಟ್ಟ ಹಣ್ಣು, ಬೀದಿಯ ಜ್ಯೂಸು ಬೇಡ. ಸುಲಿದು ತಿನ್ನುವ ಬಾಳೆಹಣ್ಣು ಸರಿ. ಮುಂಬೈ ಸೆಕೆಗೆ ಅನ್ನ ಬೇಗ ಕೆಡುತ್ತದೆ. ಬಿಸಿ ಹಿಡಿದಿಡುವ ಡಬ್ಬಿ ಇಲ್ಲದಿದ್ದರೆ ಇಳಿಸಿದ ಎರಡು ತಾಸಿನೊಳಗೆ ತಿಂದು ಮುಗಿಯಬೇಕು, ಉಳಿದದ್ದನ್ನು ರಾತ್ರಿಗೆ ಇಟ್ಟುಕೊಳ್ಳಿ ಎನ್ನಬೇಡಿ. ಸಕ್ಕರೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಆಸ್ಪತ್ರೆಯ ಆಹಾರ ತಜ್ಞರು ಹೇಳಿದ್ದೇ ನಡೆಯಬೇಕು.

ಜೊತೆಗಿರುವವರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಪಲ್ಯ. ವಡಾಪಾವ್ ತಿಂದು ಬೇಸತ್ತವರಿಗೆ ಜೋಳದ ರೊಟ್ಟಿ ಸಿಕ್ಕರೆ ಮಾತೇ ಬೇರೆ. ಖಡಕ್ ರೊಟ್ಟಿ ದಿನಗಟ್ಟಲೆ ತಡೆಯುತ್ತದೆ, ಮಹಿಳಾ ಸಂಘದವರು ಶನಿವಾರವೇ ಬಡಿದಿಡಬಹುದು.

ರಕ್ತ

ರಕ್ತ ಕೊಡುವವರಿಗೆ 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ತೆಗೆದಿಟ್ಟ ಮೇಲೆ ಐದೇ ದಿನ ಉಳಿಯುವುದರಿಂದ ಹಬ್ಬಕ್ಕೊಂದು ದೊಡ್ಡ ಶಿಬಿರ ಮಾಡಿದರೆ ಅವುಗಳ ಕೊರತೆ ತುಂಬುವುದಿಲ್ಲ. ಯುವಕರ ಹೆಸರು, ಗುಂಪು, ಕೊನೆಗೆ ಕೊಟ್ಟ ತಾರೀಖು ಒಂದು ಪಟ್ಟಿಯಲ್ಲಿರಲಿ, ಕರೆ ಬಂದಾಗ ಇಬ್ಬಿಬ್ಬರು ಹೋಗಲಿ. ಪ್ಲೇಟ್‌ಲೆಟ್ ಕೊಡುವವರು ಅದಕ್ಕೆ ಮೂರು ದಿನ ಮುಂಚಿನಿಂದ ಆಸ್ಪಿರಿನ್ ನುಂಗಿರಬಾರದು.

ಪ್ರಾರ್ಥನೆ, ಹಣ, ಫೋಟೊ

'ಪ್ರಾರ್ಥನೆ ಮಾಡಲೇನ್ರಿ?' ಎಂದು ಕೇಳಿ. ಬೇಡ ಅಂದರೆ ಬೇಡ, ಊಟದ ಡಬ್ಬಿ ಮರುದಿನವೂ ಅದೇ ಹೊತ್ತಿಗೆ ಬರಬೇಕು. ಹೌದು ಅಂದರೆ ಎರಡು ನಿಮಿಷ, ತಗ್ಗಿದ ದನಿ. ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಬೇಗ ತಗಲುತ್ತದೆ, ತಲೆ ಮೇಲೆ ಕೈ ಇಡುವುದೂ ಬೇಡ. ಕರಪತ್ರ ಒಯ್ಯಬೇಡಿ: ನಿಮ್ಮ ಅನ್ನ ಉಂಡವರಿಗೆ ಒಲ್ಲೆ ಎನ್ನುವ ಬಲ ಇರುವುದಿಲ್ಲ. ಯಾರ ಪಾಪದ ಫಲ ಎಂಬ ಮಾತನ್ನು ಯೇಸು ಯೋಹಾನ 9ರಲ್ಲೇ ತಳ್ಳಿಹಾಕಿದ್ದಾನೆ, ವಾರ್ಡಿನಲ್ಲಿ ಅದನ್ನು ಮತ್ತೆ ಎತ್ತುವುದು ಕ್ರೌರ್ಯ.

ಹಣವನ್ನು ಕೈಗೆ ಕೊಡದೆ ಕೌಂಟರಿನಲ್ಲಿ ರೋಗಿಯ ಖಾತೆಗೆ ಕಟ್ಟಿ, ರಸೀದಿ ಕುಟುಂಬಕ್ಕೆ, ನಕಲು ಸಭೆಯ ಖಜಾಂಚಿಗೆ. ಫೋಟೊ ಬೇಡವೇ ಬೇಡ. ಎಡಗೈಗೆ ತಿಳಿಯಬಾರದೆಂದ ದಾನ ವಾಟ್ಸಾಪ್ ಗುಂಪಿಗೆ ತಿಳಿಯುವುದೇಕೆ?

ಊರಿಗೆ ಕಳಿಸುವಾಗ

ರೈಲ್ವೆ ರಿಯಾಯಿತಿಯ ಫಾರ್ಮಿಗೆ ಆಸ್ಪತ್ರೆಯಲ್ಲೇ ಸಹಿ ಹಾಕಿಸಿಕೊಳ್ಳಿ. ಸ್ಲೀಪರ್, ಮೂರು ಟಯರ್ ಎಸಿಯಲ್ಲಿ ರೋಗಿಗೆ ಪೂರ್ತಿ, ಜೊತೆಯವರೊಬ್ಬರಿಗೆ ಶೇ. 75 ರಿಯಾಯಿತಿ ಇದೆ. ಫೈಲಿನ ಝೆರಾಕ್ಸ್ ಎರಡು ಪ್ರತಿ. ಗುಳಿಗೆಯ ಪಾಕೀಟಿನ ಮೇಲೆ ಕನ್ನಡದಲ್ಲಿ ಬೆಳಿಗ್ಗೆ, ರಾತ್ರಿ; ಓದು ಬಾರದಿದ್ದರೆ ಸೂರ್ಯ, ಚಂದ್ರ ಬರೆದುಕೊಡಿ. ಒಂದು ಡಿಜಿಟಲ್ ಥರ್ಮಾಮೀಟರ್ ಕೊಟ್ಟು ನೋಡುವುದನ್ನು ಕಲಿಸಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದರೆ ಜ್ವರದ ಗುಳಿಗೆ ನುಂಗಿ ಮಲಗುವಂತಿಲ್ಲ, ಅದೇ ತಾಸಿನಲ್ಲಿ ಫೈಲು ಹಿಡಿದು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅದು ಯಾವ ಆಸ್ಪತ್ರೆ ಎಂದು ಹೊರಡುವ ಮೊದಲೇ ಗೊತ್ತುಮಾಡಿ ಫೈಲಿನ ಮೇಲೆ ಬರೆಯಿರಿ. ಕಿಮೊ ಆದ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ಸಾಮಾನ್ಯವಾಗಿ ತೀರಾ ತಗ್ಗಿರುತ್ತದೆ. ಆ ವಾರ ಯಾರು ಫೋನ್ ಮಾಡಬೇಕೆಂದು ಪಾಳಿ ಹಾಕಿಕೊಂಡು ಮೂರು ಮಾತು ಕೇಳಿ: ಜ್ವರ ನೋಡಿದಿರಾ, ಊಟ ಸೇರುತ್ತಿದೆಯೇ, ಮುಂದಿನ ತಾರೀಖು ನೆನಪಿದೆಯೇ.