ಧಾಟಿ ಬಿಟ್ಟೆ, ಮಾತಾಡಿದವರನ್ನು ಎಣಿಸಿದೆ

ಕುಲಾಂತರಿ ಬೆಳೆ, ಕ್ಲೋನಿಂಗ್, ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ ಬಗ್ಗೆ ಪತ್ರಿಕೆಗಳು ಹೇಗೆ ಬರೆಯುತ್ತವೆ ಎಂದು ನೋಡುವ ನಾವೆಲ್ಲ ಮಾಡುವುದು ಒಂದೇ ಕೆಲಸ: ವರದಿಗಳನ್ನು ಧಾಟಿ ನೋಡಿ ಪರ, ವಿರೋಧ, ತಟಸ್ಥ ಎಂದು ಮೂರು ಗುಡ್ಡೆ ಹಾಕುವುದು. ಅದನ್ನು ಬಿಟ್ಟು, ಯಾರು ಮಾತಾಡಿದ್ದಾರೆ, ಎಷ್ಟನೇ ಪ್ಯಾರಾದಲ್ಲಿ ಎಂದು ಮಾತ್ರ ಎಣಿಸುತ್ತೇನೆ ಎಂದಾಗ ಜೊತೆಯವರು ನಕ್ಕರು. ಗುಮಾಸ್ತನ ಕೆಲಸ ಅಂದರು. ಈಗ ಅವರೇ ನನ್ನ ಕೋಡ್ ಶೀಟ್ (ಎಣಿಕೆ ದಾಖಲಿಸುವ ಪಟ್ಟಿ) ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಹಳೆಯ ಪತ್ರಿಕಾ ವರದಿಗಳ ಆರ್ಕೈವ್ ಚಂದಾಕ್ಕೇ ಹೆಚ್ಚುಕಡಿಮೆ ಅರ್ಧ ಬಜೆಟ್ ಮುಗಿಯಿತು. ಕುಲಾಂತರಿಗೆ ಇಂಗ್ಲಿಷಿನಲ್ಲಿರುವ 'ಜಿಎಂ' ಎಂಬ ಚುಟುಕು ಹೆಸರು ಹಾಕಿ ಹುಡುಕಿದರೆ ಸಾವಿರಗಟ್ಟಲೆ ಸಿಕ್ಕಿತು. ತೆರೆದು ನೋಡಿದರೆ ಬಹುಪಾಲು ಜನರಲ್ ಮೋಟಾರ್ಸ್ ಕಾರಿನ ಸುದ್ದಿ! 'ಕ್ಲೋನ್' ಎಂದರೆ ಸಿಮ್ ಕಾರ್ಡು, ನಂಬರ್ ಪ್ಲೇಟು. ಈ ಕಸ ಹೆಕ್ಕಲು ಇಬ್ಬರಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟ ಹಣ ನೀರಲ್ಲಿ ಹೋಮ. ಉಳಿದದ್ದರಲ್ಲೂ ಸುದ್ದಿಸಂಸ್ಥೆಯ ಒಂದೇ ಕಾಪಿ ಹತ್ತು ಪತ್ರಿಕೆಗಳಲ್ಲಿ ಹತ್ತು ತಲೆಬರಹದಡಿ ಕೂತಿತ್ತು. ಅದನ್ನು ಒಂದು ಎನ್ನಬೇಕೋ, ಹತ್ತು ಎನ್ನಬೇಕೋ? ಅದಕ್ಕೆ ನನ್ನದೊಂದು ಉಪಾಯ ಇದೆ. ಇಲ್ಲಿ ಬಿಚ್ಚುವುದಿಲ್ಲ.

ಧಾಟಿ ನೋಡಿ ಕೋಡ್ ಮಾಡುತ್ತಿದ್ದಾಗ ಇಬ್ಬರು ಕೋಡರ್‌ಗಳ ಕಪ್ಪಾ (ಇಬ್ಬರು ಹಾಕಿದ ಗುರುತು ಎಷ್ಟು ತಾಳೆಯಾಗುತ್ತದೆ ಎಂಬ ಅಳತೆ; 1 ಎಂದರೆ ಪೂರ್ತಿ ತಾಳೆ) 0.5ರ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. ತಲೆಬರಹ ಹೆದರಿಸುತ್ತದೆ, ಒಳಗಿನ ವರದಿ ತಣ್ಣಗಿರುತ್ತದೆ. ತಲೆಬರಹ ಸುದ್ದಿ ತಿದ್ದುವ ಡೆಸ್ಕಿನದು, ವರದಿ ವರದಿಗಾರನದು. ಎರಡಕ್ಕೂ ಸೇರಿಸಿ ಒಂದೇ ಅಂಕ ಕೊಟ್ಟರೆ ಇನ್ನೇನಾಗುತ್ತದೆ? ತಲೆಬರಹಕ್ಕೆ ಬೇರೆ ಕಾಲಂ ಮಾಡಿದೆ. ಪ್ರಯೋಗ ಮಾಡಿದವರು, ಹೊರಗಿನ ವಿಜ್ಞಾನಿಗಳು, ಕಂಪನಿ, ಹೋರಾಟಗಾರರು, ಸರ್ಕಾರ ಎಂದು ಮಾತಾಡಿದವರನ್ನು ಗುರುತಿಸಿದೆ. ಕಪ್ಪಾ 0.8 ದಾಟಿತು.

ಸುದ್ದಿಯ ಮೊದಲ ದಿನ ಯಾವುದು ಎಂಬುದೂ ತಲೆನೋವೇ. ಕ್ಲೋನ್ ಮಾಡಿದ ಡಾಲಿ ಕುರಿಯ ಪ್ರಬಂಧ 'ನೇಚರ್' ಜರ್ನಲ್‌ನಲ್ಲಿ ಬಂದದ್ದು 1997ರ ಫೆಬ್ರುವರಿ 27ಕ್ಕೆ. ಬ್ರಿಟನ್ನಿನ 'ಅಬ್ಸರ್ವರ್' ಪತ್ರಿಕೆ 23ಕ್ಕೇ ಸುದ್ದಿ ಹಾಕಿಬಿಟ್ಟಿತ್ತು. ಜರ್ನಲ್ ತಾರೀಖು ನಂಬಬೇಡಿ, ಅಚ್ಚಾದ ಮೊದಲ ವರದಿಯಿಂದ ಎಣಿಸಿ.

ನಕ್ಕವರ ಬಾಯಿ ಮುಚ್ಚಿಸಿದ್ದು ಎರಡು ಪ್ರಕರಣ. 2012ರಲ್ಲಿ ಫ್ರಾನ್ಸಿನ ಸೆರಾಲಿನಿ ತಂಡ, ಕುಲಾಂತರಿ ಮೆಕ್ಕೆಜೋಳ ತಿಂದ ಇಲಿಗಳಲ್ಲಿ ಗಡ್ಡೆಗಳು ಜಾಸ್ತಿಯಾದವು ಎಂದಿತು. ಪ್ರಬಂಧವನ್ನು ಮುಂಚಿತವಾಗಿ ಪಡೆಯಲು ಪತ್ರಕರ್ತರು, ಬೇರೆ ವಿಜ್ಞಾನಿಗಳಿಗೆ ತೋರಿಸುವುದಿಲ್ಲ ಎಂದು ಸಹಿ ಹಾಕಬೇಕಿತ್ತು. ನನ್ನ ಶೀಟಿನಲ್ಲಿ ಇದು ಎದ್ದು ಕಂಡಿತು: ಮೊದಲ ವರದಿಗಳಲ್ಲಿ ಹೊರಗಿನ ವಿಜ್ಞಾನಿಗಳ ಕಾಲಂ ಬಹುತೇಕ ಖಾಲಿ, ಆಮೇಲೆ ತುಂಬಿ ತುಳುಕಿತು. 2013ರಲ್ಲಿ ಜರ್ನಲ್ ಪ್ರಬಂಧವನ್ನು ಹಿಂತೆಗೆದುಕೊಂಡಿತು. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಜೀನ್ ತಿದ್ದಿದ ಅವಳಿ ಮಕ್ಕಳ ಸುದ್ದಿ ಬಂದಾಗ ಉಲ್ಟಾ. ಹೊರಗಿನ ವಿಜ್ಞಾನಿಗಳು ಆರಂಭದಿಂದಲೇ, ಮೇಲಿನ ಪ್ಯಾರಾಗಳಲ್ಲೇ ಬೈದಿದ್ದರು. ಹಳೆಯ ಲೆಕ್ಕದಲ್ಲಿ ಎರಡೂ ವಿರೋಧದ ಗುಡ್ಡೆಗೇ ಬೀಳುತ್ತಿದ್ದವು. ಇಷ್ಟು ದೊಡ್ಡ ವ್ಯತ್ಯಾಸ ಹಾಗೆ ಮುಚ್ಚಿಹೋಗಬೇಕಾ?

ನಡುವೆ ಫೋಟೊಗಳ ಹುಚ್ಚೂ ಹಿಡಿಯಿತು. ಕುಲಾಂತರಿ ಸುದ್ದಿಗೆ ಹಾಕುವ, ಟೊಮೆಟೊಗೆ ಸಿರಿಂಜ್ ಚುಚ್ಚಿದ ಆ ಚಿತ್ರ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ಹೊರಟೆ. 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಫ್ಲೇವರ್ ಸೇವರ್ ಎಂಬ ಕುಲಾಂತರಿ ಟೊಮೆಟೊವನ್ನೂ ಯಾರೂ ಸಿರಿಂಜ್ ಚುಚ್ಚಿ ಮಾಡಿದ್ದಲ್ಲ. ಆದರೂ ಹತ್ತಿ, ಸೋಯಾ ಸುದ್ದಿಗೂ ಅದೇ ಟೊಮೆಟೊ! ಆದರೆ ನನ್ನ ಆರ್ಕೈವ್‌ನಲ್ಲಿ ಬರೀ ಪಠ್ಯ ಇದೆ, ಚಿತ್ರ ಇಲ್ಲ. ಪೂರ್ತಿ ಪುಟದ ಪಿಡಿಎಫ್ ಬೇಕೆಂದರೆ ದರ ಬೇರೆ. ಹಣ ಹೊಂದುವವರೆಗೆ ಆ ಫೈಲು ಮುಚ್ಚಿಟ್ಟಿದ್ದೇನೆ.