ಸ್ವಲ್ಪ ಎತ್ತಿ ತಳ್ಳಿ, ಬಾಗಿಲು ಬರುತ್ತೆ

ಮಾರೋಕಿಟ್ಟಿದ್ದ ನಮ್ಮ ಮನೆ ನೋಡೋಕೆ ಬಂದ ಮೊದಲ ದಂಪತಿಗೆ ಮಲಗುವ ಕೋಣೆಯ ಬಾಗಿಲೇ ತೆರೆಯಲಿಲ್ಲ. 'ಸ್ವಲ್ಪ ಎತ್ತಿ ತಳ್ಳಿ, ಬರುತ್ತೆ' ಅಂದೆ. ಆಕೆ ಗಂಡನ ಮುಖ ನೋಡಿದರು. ಅಲ್ಲಿಂದ ಮುಂದೆ ಇಬ್ಬರೂ ಮನೆ ನೋಡಲಿಲ್ಲ, ಬರೀ ತಪ್ಪು ಹುಡುಕಿದರು. ನಲ್ಲಿ ತಿರುಗಿಸಿದರು, ಸ್ವಿಚ್ ಒತ್ತಿದರು, ಮಂಚದ ಹಿಂದಿನ ಗೋಡೆಗೆ ಬಗ್ಗಿ ನೋಡಿದರು. ಮತ್ತೆ ಫೋನ್ ಬರಲಿಲ್ಲ.

ಆ ಬಾಗಿಲನ್ನು ನಾವು ಎಷ್ಟೋ ವರ್ಷಗಳಿಂದ ಎತ್ತಿಯೇ ತಳ್ಳುತ್ತಿದ್ದೆವು. ಅದೊಂದು ದೋಷ ಅನ್ನೋದೇ ಮರೆತಿತ್ತು. ಆವತ್ತು ಸಂಜೆ ಒಂದು ನೋಟ್‌ಬುಕ್ ಹಿಡಿದು ಗೇಟಿನ ಹೊರಗೆ ನಿಂತು, ಯಾರದೋ ಮನೆಗೆ ಹೋಗುವವನ ಹಾಗೆ ಒಳಗೆ ಬಂದೆ. ಕಣ್ಣಿಗೆ ಬಿದ್ದಿದ್ದನ್ನೆಲ್ಲ ಬರೆದೆ. ಎರಡು ಪುಟ ತುಂಬಿತು.

ಬಾಗಿಲಿನದು ಅರ್ಧ ಗಂಟೆಯ ಕೆಲಸ. ಮೇಲಿನ ಕೀಲಿನ ಸ್ಕ್ರೂ ತೂತು ಸವೆದು ದೊಡ್ಡದಾಗಿತ್ತು. ತೂತಿಗೆ ಮರದ ಸಣ್ಣ ಸಿಬಿರುಗಳನ್ನು ಅಂಟು ಹಚ್ಚಿ ತುರುಕಿ, ಒಣಗಿದ ಮೇಲೆ ಸ್ಕ್ರೂ ಬಿಗಿದೆ. ಇಷ್ಟಕ್ಕೆ ಇಷ್ಟು ವರ್ಷ!

ಮಲಗುವ ಕೋಣೆಯ ಗೋಡೆ ಮಾತ್ರ ಸತಾಯಿಸಿತು. ಬೀರುವಿನ ಹಿಂದೆ ತೇವದ ಕಲೆ ಇತ್ತು, ಮೇಲೆ ಬಿಳಿ ಪುಡಿ. ಪೇಂಟ್ ಹೊಡೆದುಬಿಟ್ಟರೆ ಆಯ್ತು ಅಂತ ನನ್ನ ಲೆಕ್ಕ. ಹಿಂದೆ ಒಮ್ಮೆ ಹಾಗೇ ಮಾಡಿದ್ದೆ, ಕೆಲವೇ ತಿಂಗಳಲ್ಲಿ ಗುಳ್ಳೆ ಎದ್ದು ಸುಲಿದಿತ್ತು. ಈ ಸಲ ಮೊದಲು ಪ್ಲಂಬರ್‌ನ ಕರೆಸಿದೆ. ಗೋಡೆಯ ಆಚೆ ಬಚ್ಚಲುಮನೆ. ಪೈಪಿನ ಒಂದು ಜಾಯಿಂಟ್ ಜಿನುಗುತ್ತಿತ್ತು. ಅದನ್ನು ಸರಿ ಮಾಡಿಸಿದ ಮರುದಿನವೇ ಪೇಂಟ್ ಹೊಡೆಯೋಣ ಅಂತ ಕೈ ಕಡಿಯುತ್ತಿತ್ತು. ಆದರೆ ಗೋಡೆ ಒಣಗೋಕೆ ಟೈಮ್ ಬೇಕು. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಟ್ಟೆ. ತೆಗೆದರೆ ಗೋಡೆಯ ಕಡೆಗೆ ಹನಿ ಕೂತಿತ್ತು. ಅಂದರೆ ಒಳಗೆ ಇನ್ನೂ ತೇವ ಇದೆ. ವಾರಕ್ಕೊಮ್ಮೆ ಹೀಗೇ ನೋಡುತ್ತಾ ಹೋದೆ. ಐದನೇ ವಾರ ಹಾಳೆ ಒಣಗಿತ್ತು. ಆಮೇಲೆ ಹಳೇ ಬಣ್ಣ ಕೆರೆದು, ಆ ಬಿಳಿ ಪುಡಿಯನ್ನು ಒಣ ಬ್ರಷ್‌ನಲ್ಲೇ ಉದುರಿಸಿದೆ. ಅದು ಉಪ್ಪು, ನೀರು ಹಾಕಿ ಒರೆಸಿದರೆ ಕರಗಿ ಮತ್ತೆ ಗೋಡೆಗೇ ಇಳಿಯುತ್ತೆ. ಕೊನೆಗೆ ಪುಟ್ಟಿ, ಪ್ರೈಮರ್, ತೆಳು ಬಣ್ಣ. ಪ್ಲಂಬರ್ ಕೊಟ್ಟ ಬಿಲ್ಲನ್ನೂ ರಿಪೇರಿಯ ಫೋಟೋಗಳನ್ನೂ ಎತ್ತಿಟ್ಟುಕೊಂಡೆ.

ವಾಸನೆ ವಿಷಯ ಹೇಳಿದ್ದು ಅಕ್ಕ. 'ನಿಮ್ಮನೆ ಒಂಥರಾ ಮುಗ್ಗಲು ವಾಸನೆ ಕಣೋ' ಅಂದಳು. ನನಗೆ ಸ್ವಲ್ಪ ಬೇಜಾರಾಯ್ತು, ನಿಜ. ಅವರವರ ಮನೆಯ ವಾಸನೆ ಅವರವರ ಮೂಗಿಗೆ ಹತ್ತುವುದಿಲ್ಲ, ಅಲ್ವಾ. ಪರದೆ ಒಗೆದು, ಹಳೇ ಕಾರ್ಪೆಟ್ ಎಸೆದು, ಹದಿನೈದು ದಿನ ಬೆಳಗ್ಗೆ ಎಲ್ಲ ಕಿಟಕಿ ತೆಗೆದಿಟ್ಟೆ. ಸೆಂಟ್ ಹೊಡೆಯಲಿಲ್ಲ. ಘಮ್ಮಂತ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಮೊದಲು ಅನುಮಾನ ಬರುತ್ತೆ. ನನಗಂತೂ ಬರುತ್ತೆ.

ಸಾಮಾನು ಕಡಿಮೆ ಮಾಡೋದರಲ್ಲಿ ಎಡವಿದೆ. ಹಜಾರ ಖಾಲಿ ಕಾಣಲಿ ಅಂತ ಎಲ್ಲವನ್ನೂ ಗೋಡೆ ಬೀರುಗಳಿಗೆ ತುಂಬಿದ್ದೆ. ಎರಡನೇ ಸಲ ಬಂದವರು ಒಂದು ಬೀರು ತೆರೆದರು, ಹಾಸಿಗೆ ಸುರುಳಿ ಅವರ ಕಾಲ ಮೇಲೆ ಬಿತ್ತು. ಮನೆ ಕೊಳ್ಳುವವರು ಬೀರು ತೆರೆದೇ ತೆರೆಯುತ್ತಾರೆ. ಅದು ತುಂಬಿ ತುಳುಕಿದರೆ ಈ ಮನೆಯಲ್ಲಿ ಜಾಗ ಸಾಲಲ್ಲ ಅಂತಲೇ ಲೆಕ್ಕ. ಆಮೇಲೆ ಅರ್ಧ ಸಾಮಾನು ಸ್ನೇಹಿತರೊಬ್ಬರ ಗ್ಯಾರೇಜಿಗೆ ಹೋಯಿತು.

ಬಲ್ಬುಗಳು ಒಂದು ಹಳದಿ, ಒಂದು ಬಿಳಿ ಇದ್ದವು. ಎಲ್ಲ ಕಡೆ 3000 ಕೆಲ್ವಿನ್‌ನವೇ, ಅಂದರೆ ತಿಳಿ ಹಳದಿ ಬೆಳಕಿನವೇ ಹಾಕಿದೆ, ಸಂಜೆ ಹೊತ್ತು ಕೋಣೆಗಳು ಒಂದೇ ಮನೆಯವು ಅನ್ನಿಸಿದವು. ಕಿಟಕಿ ಗಾಜು ಒಳಗೂ ಹೊರಗೂ ಒರೆಸಿದ್ದು ಪೇಂಟಿಗಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ಅಡುಗೆಮನೆ ಹೊಸದು ಮಾಡಿಸು ಅಂತ ತುಂಬಾ ಜನ ಹೇಳಿದರು. ಮಾಡಿಸಲಿಲ್ಲ. ಬರುವವರು ಅವರಿಗೆ ಬೇಕಾದ ಹಾಗೆ ಒಡೆದು ಕಟ್ಟಿಕೊಳ್ಳುತ್ತಾರೆ, ನಾನ್ಯಾಕೆ ಸುಮ್ನೆ ದುಡ್ಡು ಸುರಿಯಲಿ? ಸಿಂಕ್ ಪಕ್ಕದ ಸಂದು ಮುಚ್ಚಿದ್ದ, ಕಪ್ಪು ಹಿಡಿದ ಸಿಲಿಕೋನ್ ಅಂಟನ್ನು ಮಾತ್ರ ಪೂರ್ತಿ ಕಿತ್ತು, ಒಣಗಿಸಿ, ಹೊಸದು ಎಳೆದೆ. ಒಂದು ದಿನ ನೀರು ತಾಕಿಸಲಿಲ್ಲ.

ನಾಲ್ಕನೆಯವರು ಬಂದಾಗ ಮನೆ ತೋರಿಸುವ ಕೆಲಸ ಅಕ್ಕನಿಗೆ ಬಿಟ್ಟು ಹೊರಗೆ ಹೋದೆ. ನಾನಿದ್ದರೆ ಬಾಯಿ ಸುಮ್ಮನಿರಲ್ಲ. ವಾಪಸ್ ಬಂದಾಗ ಅವರು ಇನ್ನೂ ಅಲ್ಲೇ ಇದ್ದರು, ಮಲಗುವ ಕೋಣೆಯಲ್ಲಿ. ಗೋಡೆಯ ಕಥೆಯನ್ನು ನಾನೇ ಹೇಳಿ, ಬಿಲ್ಲು, ಫೋಟೋ ಮುಂದಿಟ್ಟೆ. ಆ ಹಿರಿಯರು ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಬೆಲೆಗೆ ಚೆನ್ನಾಗಿಯೇ ಚೌಕಾಸಿ ಮಾಡಿದರು. ಗೋಡೆಯ ಹೆಸರು ಮಾತ್ರ ಎತ್ತಲಿಲ್ಲ.