ಗುಜರಿ ಓಮ್ನಿಯ ಹಿಂದಿನ ಆಕ್ಸಲ್ ಮನೆಯಲ್ಲೇ ಇಳಿಸುವುದು

ಕ್ರೌನ್ (ಹಿಂದಿನ ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ) ಕೂಗುತ್ತಿರುವ ಮಾರುತಿ ಓಮ್ನಿಗೆ ಹೊಸ ಕ್ರೌನ್, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ ಕೂರಿಸಿ ಸೆಟ್ಟಿಂಗ್ ಮಾಡಿಸುವುದಕ್ಕಿಂತ, ಬಿಚ್ಚಲು ಸಿಕ್ಕ ಇನ್ನೊಂದು ಓಮ್ನಿಯ ಆಕ್ಸಲ್ ಅನ್ನು ಇಡಿಯಾಗಿ ತಂದು ಹಾಕುವುದು ಎಷ್ಟೋ ಸಲ ಸುಲಭ. 1984ರಿಂದ 2019ರವರೆಗೆ ತಯಾರಾದ ಗಾಡಿ, ಹಾಗಾಗಿ ಗುಜರಿಗಳಲ್ಲಿ ಬರವಿಲ್ಲ. ಆದರೆ ಓಮ್ನಿಯದು ಓಮ್ನಿಗೇ ಇರಲಿ. ಬೇರೆ ಗಾಡಿಗೆ ಹಾಕಿ ರಸ್ತೆಗಿಳಿಸಿದರೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಬಿಚ್ಚುವ ಗಾಡಿಯ ಆರ್‌ಸಿ ಇನ್ನೂ ಜೀವಂತವಿದೆಯೇ ಎಂದೂ ವಿಚಾರಿಸಿಕೊಳ್ಳಿ. ಗಾಡಿ ಇನ್ನು ಓಡಿಸಲಾಗದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂದು 55ನೇ ಕಲಂ ಹೇಳುತ್ತದೆ.

ಬಿಚ್ಚುವ ಮುಂಚೆ ಪರೀಕ್ಷೆ

ಗಾಡಿಯಲ್ಲಿ ಕೂತಿರುವಾಗಲೇ ಆಕ್ಸಲ್ ಪರೀಕ್ಷಿಸುವುದು ಸುಲಭ. ಮುಂದಿನ ಎರಡೂ ಚಕ್ರಕ್ಕೆ ಅಡೆ ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಹಿಂದಿನ ಒಂದು ಚಕ್ರವನ್ನಷ್ಟೇ ನೆಲದಿಂದ ಎತ್ತಿ ಆ ಬದಿಗೆ ಸ್ಟ್ಯಾಂಡ್ ಕೊಡಿ. ಎತ್ತಿದ ಚಕ್ರವನ್ನು ಕೈಯಿಂದ 20 ಸುತ್ತು ತಿರುಗಿಸುತ್ತಾ, ಜಾಯಿಂಟ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಬರುವ ಉದ್ದನೆ ದಂಡ) ಎಷ್ಟು ಸುತ್ತಿತೆಂದು ಇನ್ನೊಬ್ಬರು ಎಣಿಸಲಿ. ಬಂದ ಸಂಖ್ಯೆಯನ್ನು 10ರಿಂದ ಭಾಗಿಸಿದರೆ ರೇಷಿಯೋ, ಅಂದರೆ ಕ್ರೌನ್‌ನ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತುತ್ತದೆ ಎಂಬ ಲೆಕ್ಕ ಸಿಗುತ್ತದೆ: 43 ಸುತ್ತು ಬಂದರೆ 4.3. ಇನ್ನೊಂದು ಚಕ್ರ ನಿಂತಿರುವುದರಿಂದ ಕ್ರೌನ್ ತಿರುಗುವುದು ಅರ್ಧ ಮಾತ್ರ, 20ರ ಬದಲು 10ರಿಂದ ಭಾಗಿಸುವುದು ಅದಕ್ಕೇ. ನಿಮ್ಮ ಗಾಡಿಯಲ್ಲೂ ಹೀಗೇ ಎಣಿಸಿ ಹೋಲಿಸಿ. ಬೇರೆ ರೇಷಿಯೋ ಹಾಕಿದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಏಕೆಂದರೆ ಅದರ ಕೇಬಲ್ ಹೊರಡುವುದು ಗೇರ್‌ಬಾಕ್ಸ್‌ನಿಂದ.

ಮುಂದೆ ಎಣ್ಣೆ. ಹೌಸಿಂಗ್‌ನ (ಆಕ್ಸಲ್‌ನ ಹೊರಕವಚ) ಮೇಲಿನ ಫಿಲ್ಲರ್ ಪ್ಲಗ್ ಸಡಿಲವಾದ ಮೇಲೆಯೇ ಕೆಳಗಿನ ಡ್ರೈನ್ ಪ್ಲಗ್‌ಗೆ ಕೈಹಾಕಿ. ಎರಡು ಲೀಟರ್ ಹಿಡಿಯುವ ಡಬ್ಬಿ ಸಾಕು. ಬಂದ ಎಣ್ಣೆಯಲ್ಲಿ ಒಂದು ಅಯಸ್ಕಾಂತ ಆಡಿಸಿ ನೋಡಿ. ಬೂದಿಯಂಥ ನುಣ್ಣನೆ ಪುಡಿ ಅಂಟಿದರೆ ಚಿಂತೆಯಿಲ್ಲ, ಉಗುರಿಗೆ ಸಿಗುವಂಥ ಚೂರು ಬಂದರೆ ಆ ಆಕ್ಸಲ್ ಬೇಡ. ಎಣ್ಣೆ ಹಾಲು ಬೆರೆತಂತಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಎಣ್ಣೆ ಇಳಿಸದೆ ಆಕ್ಸಲ್ ಓರೆ ಮಾಡಿದರೆ ಎಣ್ಣೆ ತನ್ನನ್ನು ತಡೆಯುವ ಸೀಲ್ ದಾಟಿ ಬ್ರೇಕ್ ಶೂ ನೆನೆಸುತ್ತದೆ.

ಎತ್ತುವುದು

ಇಲ್ಲಿಯೇ ಅನಾಹುತ ಆಗುವುದು. ಓಮ್ನಿ ಹಿಂದಿನ ಚಕ್ರದಿಂದ ಓಡುವ ಗಾಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ, ಗೇರ್ ಹಿಡಿಯುವುದೂ ಅದನ್ನೇ. ಹಿಂಭಾಗ ಎತ್ತಿದ ಕ್ಷಣವೇ ಎರಡೂ ನಿಷ್ಪ್ರಯೋಜಕ. ಗಾಡಿಯನ್ನು ತಡೆಯುವುದು ಮುಂದಿನ ಚಕ್ರಗಳ ಹಿಂದೆ ಮುಂದೆ ಇಟ್ಟ ಅಡೆ ಮಾತ್ರ. ಸಮತಟ್ಟಾದ ಸಿಮೆಂಟ್ ನೆಲ ಬೇಕು, ಮಣ್ಣಿನ ಅಂಗಳ ಬೇಡ. ಇಟ್ಟಿಗೆ, ಹಾಲೋ ಬ್ಲಾಕ್ ಹತ್ತಿರವೂ ತರಬೇಡಿ, ಭಾರ ಬಿದ್ದಾಗ ಅವು ಹೇಳದೆ ಕೇಳದೆ ಒಡೆಯುತ್ತವೆ.

ನೆಲದ ಮೇಲಿರುವಾಗಲೇ 19ರ ಪಾನದಿಂದ ವೀಲ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹೌಸಿಂಗ್ ಕೆಳಗೆ ಎರಡು ಟನ್ನಿನ ಟ್ರಾಲಿ ಜಾಕ್ ಕೊಟ್ಟು ಎತ್ತಿ, ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗ್) ಮುಂದಿನ ಕಣ್ಣಿಗಿಂತ (ಬೋಲ್ಟ್ ಕೂರುವ ತುದಿಯ ಸುರುಳಿ) ಸ್ವಲ್ಪ ಮುಂದೆ, ಚಾಸಿಯ ಗಟ್ಟಿ ಉಕ್ಕಿಗೆ ಎರಡು ಸ್ಟ್ಯಾಂಡ್ ಕೊಡಿ. ಬರಿ ತಗಡಿಗೆ ಕೊಟ್ಟರೆ ತೂರಿ ಹೋಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಗಾಡಿಯಾದರೆ ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಎಂದರೆ ಸರಿ. ಮಂದ ಸದ್ದು ಬಂದು ಪದರ ಉದುರಿದರೆ ಬೇರೆ ಜಾಗ ಹುಡುಕಿ. ಬಾಡಿಯನ್ನು ಜೋರಾಗಿ ಅಲ್ಲಾಡಿಸಿ, ಅಲುಗದಿದ್ದರೆ ಮುಂದುವರಿಯಿರಿ. ಬಿಚ್ಚಿದ ಚಕ್ರಗಳನ್ನು ಬಾಡಿಯ ಅಂಚಿನಡಿ ಮಲಗಿಸಿಡಿ.

ಚಕ್ರ ಸಮೇತ ಉರುಳಿಸಿ ತೆಗೆಯೋಣವೆಂದು ಹಲವರಿಗೆ ಆಸೆ. 145/80 ಆರ್12 ಟೈರಿನ ಎತ್ತರವೇ ಸುಮಾರು 54 ಸೆಂ.ಮೀ., ಬಾಡಿಯ ಅಂಚು ಅದಕ್ಕೂ ಮೇಲೆ ಹೋಗಬೇಕು. ಮನೆಯ ಸ್ಟ್ಯಾಂಡಿಗೆ ಅದು ಅತಿಯಾಯಿತು. ಚಕ್ರ ತೆಗೆದರೆ 35–40 ಸೆಂ.ಮೀ. ಸಂದು ಸಾಕು.

ಬಿಚ್ಚುವುದು

ಪಟ್ಟಿಯನ್ನು ಆಕ್ಸಲ್‌ಗೆ ಬಿಗಿದಿರುವ ಯು ಬೋಲ್ಟ್‌ಗಳಿಗೆ ಈಗ ಕೈಹಾಕಬೇಡಿ. ಗಾಡಿಯಡಿ ಮಲಗಿ ತುಕ್ಕು ಹಿಡಿದ ಎಂಟು ನಟ್ ಬಿಚ್ಚುವುದಕ್ಕಿಂತ, ಕಮಾನ್ ಪಟ್ಟಿಗಳ ಸಮೇತ ಆಕ್ಸಲ್ ಇಳಿಸಿ ಅಂಗಳದಲ್ಲಿ ಆರಾಮಾಗಿ ಬೇರ್ಪಡಿಸುವುದೇ ಜಾಣತನ. ಪಟ್ಟಿಯ ಕಣ್ಣಿನ ಬೋಲ್ಟ್, ಶಾಕಲ್ (ಪಟ್ಟಿಯ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ), ಶಾಕ್‌ಅಬ್ಸಾರ್ಬರ್‌ನ ಕೆಳಬೋಲ್ಟ್, ಬ್ರೇಕ್ ಪೈಪಿನ ನಟ್ ಇವಕ್ಕೆಲ್ಲ ಹಿಂದಿನ ರಾತ್ರಿಯೇ ಡಬ್ಲ್ಯುಡಿ-40 ಹೊಡೆದಿಡಿ.

ಜಾಯಿಂಟ್ ಶಾಫ್ಟ್‌ನ ಫ್ಲ್ಯಾಂಜ್‌ನಲ್ಲಿ ನಾಲ್ಕು ಬೋಲ್ಟ್. ಶಾಫ್ಟ್ ಕೂಡ ಬೇಕಿದ್ದರೆ ಎರಡೂ ಕಡೆ ಬಣ್ಣದ ಗೆರೆ ಎಳೆದು ಬಿಚ್ಚಿ. ಗೇರ್‌ಬಾಕ್ಸ್‌ನಿಂದ ಎಳೆದರೆ ಅಲ್ಲಿಂದ ಎಣ್ಣೆ ಸುರಿಯುತ್ತದೆ, ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಶಾಫ್ಟ್ ಬೇಡವಾದರೆ ತಂತಿಯಿಂದ ಮೇಲಕ್ಕೆ ಕಟ್ಟಿಬಿಡಿ.

ಬ್ರೇಕ್ ಪೈಪ್ ಬಿಚ್ಚಲು ಸೀಳಿರುವ ಫ್ಲೇರ್ ಪಾನ ಬಳಸಿ. ಓಪನ್ ಪಾನ ಹಾಕಿದರೆ ನಟ್‌ನ ಮೂಲೆ ಸವೆದು ಗುಂಡಗಾಗುತ್ತದೆ. ಬಾಡಿ ಕಡೆಯ ರಬ್ಬರ್ ಹೋಸ್ ಹೇಗೂ ಹೊಸದು ಹಾಕಬೇಕು, ಕತ್ತರಿಸಿದರೂ ನಷ್ಟವಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್‌ಗಳನ್ನು ಲಿವರ್ ಕಡೆಯಿಂದ ಕಳಚಿ ಆಕ್ಸಲ್ ಜೊತೆಗೇ ಇಳಿಸಿ, ಆಗ ಡ್ರಮ್ ತೆರೆಯುವ ಕೆಲಸ ಈಗಿಲ್ಲ. ಮುಂದೆ ತೆರೆದಾಗ ಅದರ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ.

ಶಾಕ್‌ಅಬ್ಸಾರ್ಬರ್‌ಗಳನ್ನು ಕಳಚಿದ ಮೇಲೆ ಉಳಿಯುವುದು ಪಟ್ಟಿಯ ಬೋಲ್ಟ್‌ಗಳು. ನಟ್ ಬಂದರೂ ಬೋಲ್ಟ್ ಬಾರದಿದ್ದರೆ ಸುತ್ತಿಗೆ ಎತ್ತುವ ಮುಂಚೆ ಜಾಕನ್ನು ಒಂದು ಸೆಂ.ಮೀ. ಮೇಲೆ ಕೆಳಗೆ ಮಾಡಿ ನೋಡಿ. ಪಟ್ಟಿ ಒತ್ತಿಯೂ ಇಲ್ಲದ, ಜೋತೂ ಇಲ್ಲದ ಒಂದು ಜಾಗದಲ್ಲಿ ಬೋಲ್ಟ್ ಕೈಬೆರಳಿಗೇ ತಿರುಗುತ್ತದೆ. ಆಗಲೂ ಬಾರದಿದ್ದರೆ ಅದು ಕಣ್ಣಿನೊಳಗಿನ ರಬ್ಬರ್ ಬುಷ್‌ನ ಒಳಗೊಳವೆಗೆ ತುಕ್ಕಿನಿಂದ ಬೆಸೆದಿದೆ. ಗ್ರೈಂಡರ್ ಬೇಡ, ಪೆಟ್ರೋಲ್ ಪೈಪುಗಳು ಸಮೀಪದಲ್ಲೇ ಇರುತ್ತವೆ. ಹ್ಯಾಕ್ಸಾದಲ್ಲಿ ಕೊಯ್ಯಿರಿ. ಗ್ಯಾಸ್ ಕಿಟ್ ಇರುವ ಗಾಡಿಯಾದರೆ ಟ್ಯಾಂಕನ್ನು ಮೊದಲೇ ಗ್ಯಾಸ್ ಫಿಟ್ಟರ್‌ನಿಂದ ತೆಗೆಸಿ.

ಶಾಕಲ್ ಮೊದಲು, ಮುಂದಿನ ಕಣ್ಣು ಕೊನೆಗೆ. ಆಕ್ಸಲ್ ಜಾಕ್ ಮೇಲೆ ಮುಂದಕ್ಕೂ ಹಿಂದಕ್ಕೂ ಮಗುಚಲು ನೋಡುತ್ತದೆ, ಆದ್ದರಿಂದ ಎರಡೂ ಡ್ರಮ್ ಬಳಿ ಒಬ್ಬೊಬ್ಬರು ಇರಬೇಕು, ಜಾಕ್ ಇಳಿಸಲು ಮೂರನೆಯವರು. ಕಾಲು, ಕೈ ಪಟ್ಟಿಯಡಿ ಇರದಿರಲಿ. ನೆಲಕ್ಕೆ ಗೋಣಿಚೀಲ ಹಾಸಿ ಅದರ ಮೇಲಿಳಿಸಿದರೆ ಚೀಲ ಹಿಡಿದೇ ಹೊರಗೆಳೆಯಬಹುದು.

ಹೊರಬಂದ ಮೇಲೆ ಬ್ರೇಕ್ ಪೈಪಿನ ಬಾಯಿ ಮುಚ್ಚಿ, ಬ್ರೀದರ್ (ಹೌಸಿಂಗ್‌ನ ಗಾಳಿಕಿಂಡಿ) ಕಟ್ಟಿಕೊಂಡಿದೆಯೇ ನೋಡಿ. ಅದು ಕಟ್ಟಿದರೆ ಒಳಗಿನ ಒತ್ತಡ ಸೀಲ್‌ನಿಂದ ಎಣ್ಣೆ ದೂಡುತ್ತದೆ. ಯು ಬೋಲ್ಟ್‌ಗಳನ್ನು ಇಲ್ಲಿ ಧಾರಾಳವಾಗಿ ಕತ್ತರಿಸಿ. ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಮರುಬಳಕೆ ಬೇಡ. ನಿಮ್ಮ ಗಾಡಿಗೆ ಕೂರಿಸುವಾಗ ನಾಲ್ಕೂ ಹೊಸದೇ ಹಾಕಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.